ಮೂಸ್ ಬೇಟೆಗೆ ಎಂಥ ಬಿಲ್ಲು? ಮೊದಲು ಬಾಣದ ತುದಿ ನೋಡಿ

ಕೆನಡಾಕ್ಕೆ ಬಂದ ಹೊಸದರಲ್ಲಿ ಮೂಸ್ ಅನ್ನೋ ಹೆಸರು ಕೇಳಿ ನಗು ಬಂದಿತ್ತು. ನಮ್ಮಲ್ಲಿ ಮೂಸು ಅಂದರೆ ವಾಸನೆ ನೋಡು ಅಂತ ಅಲ್ವಾ? ಆಮೇಲೆ ನೋಡಿದರೆ ಹೆಸರು ಸರಿಯಾಗೇ ಹೊಂದುತ್ತದೆ. ಗಾಳಿ ಒಂಚೂರು ತಿರುಗಿದರೂ ಸಾಕು, ಅಷ್ಟು ದೊಡ್ಡ ಪ್ರಾಣಿ ಮೂಸಿ ನೋಡಿ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತದೆ. (ಪದದ ನಿಜವಾದ ಮೂಲ ಅಲ್ಗೊಂಕಿಯನ್ ಭಾಷೆಗಳದ್ದು. ತೊಗಟೆ, ರೆಂಬೆ ಸುಲಿದು ತಿನ್ನುವಂಥದ್ದು ಎಂಬ ಅರ್ಥವಂತೆ.)

ಜಿಂಕೆ ಕುಲದಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಅಲಾಸ್ಕಾದ ಬಲಿತ ಗಂಡು ಮೂಸ್ 1,200ರಿಂದ 1,600 ಪೌಂಡ್ ತೂಗುತ್ತದೆ. ಅಂದರೆ 545ರಿಂದ 725 ಕಿಲೋ. ಭುಜದ ಎತ್ತರವೇ ಆರಡಿ ದಾಟುತ್ತದೆ. ನಮ್ಮ ಬಂಡೀಪುರ, ನಾಗರಹೊಳೆಯ ಕಡವೆ ಭಾರತದ ಅತಿ ದೊಡ್ಡ ಜಿಂಕೆ. ಅದು ಸಾಮಾನ್ಯವಾಗಿ ಇದರ ಅರ್ಧ ತೂಕವೂ ಬರುವುದಿಲ್ಲ. ಕಡವೆಯ ಕಡೆ ಬಿಲ್ಲು ಎತ್ತಿದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜೈಲು. ಅಲಾಸ್ಕಾದಲ್ಲಿ, ಕೆನಡಾದಲ್ಲಿ ಹಾಗಲ್ಲ. ಲೈಸೆನ್ಸ್, ಋತು, ಜಾಗ ಎಲ್ಲಕ್ಕೂ ಲೆಕ್ಕ ಇಟ್ಟು ಬೇಟೆಗೆ ಬಿಡುತ್ತಾರೆ. ಒಂದು ಮೂಸ್‌ನಿಂದ ಸುಮಾರು 225 ಕಿಲೋ ಮಾಂಸ ಸಿಗುತ್ತದೆ. ಒಂದು ಮನೆಯ ಫ್ರೀಜರ್ ವರ್ಷಕ್ಕೆ ತುಂಬಿತು ಅಂತಲೇ ಲೆಕ್ಕ. ಅಲಾಸ್ಕಾದಲ್ಲಂತೂ ಕೊಂಬು ಮಾತ್ರ ಕತ್ತರಿಸಿಕೊಂಡು ಮಾಂಸ ಬಿಟ್ಟು ಬಂದರೆ ಅದೇ ಅಪರಾಧ.

ನಾನು ಬೇಟೆಗಾರನಲ್ಲ. ಬಿಲ್ಲಿನ ಹುಚ್ಚಿನವನು. ಆದರೆ ಜೊತೆಯಲ್ಲಿ ಬಾಣ ಬಿಡುವವರಲ್ಲಿ ಅರ್ಧ ಜನ ಶರತ್ಕಾಲ ಬಂತೆಂದರೆ ಕಾಡಿಗೆ ಹೋಗುವವರೇ. ಅವರ ಬಾಣ ಕಟ್ಟಿಕೊಟ್ಟು, ಬೈಸಿಕೊಂಡು, ಇಷ್ಟು ಕಲಿತಿದ್ದೇನೆ.

ಇಲ್ಲಿ ಸಾಂಪ್ರದಾಯಿಕ ಬಿಲ್ಲು ಅಂದರೆ ಲಾಂಗ್‌ಬೋ (ಉದ್ದನೆಯ ಸರಳ ಬಿಲ್ಲು) ಅಥವಾ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು). ಗಾಲಿ ಇಲ್ಲ, ಗುರಿ ನೋಡುವ ಪಿನ್ ಇಲ್ಲ. ಗಾಲಿ ಇರುವ ಕಾಂಪೌಂಡ್ ಬಿಲ್ಲು ತೀರಾ ಈಚಿನದು. ಅಮೆರಿಕದ ಮಿಸೌರಿಯ ಹಾಲೆಸ್ ಅಲೆನ್‌ಗೆ ಅದರ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಕಾಂಪೌಂಡನ್ನು ಪೂರ್ತಿ ಎಳೆದ ಮೇಲೆ ಕೈ ಮೇಲಿನ ಭಾರ ತುಂಬಾ ಇಳಿದುಬಿಡುತ್ತದೆ. ಲಾಂಗ್‌ಬೋ, ರಿಕರ್ವ್ ಹಾಗಲ್ಲ. ಎಳೆದಷ್ಟೂ ಭಾರ ಏರುತ್ತದೆ, ಪೂರ್ತಿ ಎಳೆದಾಗ ಪೂರ್ತಿ ಭಾರ ಬೆರಳ ಮೇಲೆ.

ಹೊಸಬರು ಬಂದು ಕೇಳುವ ಮೊದಲ ಪ್ರಶ್ನೆ ಒಂದೇ: "ಮೂಸ್‌ಗೆ ಎಷ್ಟು ಪೌಂಡಿನ ಬಿಲ್ಲು ಬೇಕು?" (ಪೌಂಡು ಅಂದರೆ ಬಿಲ್ಲಿನ ತೂಕವಲ್ಲ, ಹೆದೆಯನ್ನು ಪೂರ್ತಿ ಎಳೆಯಲು ಬೇಕಾಗುವ ಬಲ.) ಪ್ರಶ್ನೆ ತಪ್ಪಲ್ಲ, ಆದರೆ ಹಿಂದುಮುಂದಾಗಿದೆ. ಮೂಸ್‌ಗೆ ತಾಗುವುದು ಬಿಲ್ಲಲ್ಲ, ಬಾಣದ ಅಲಗು. ಅಲ್ಲಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ಅಲಗು, ಕೋಲು, ಗರಿ, ಆಮೇಲೆ ಬಿಲ್ಲು.

ಅಲಗು

ಗುಂಡು ಕೊಲ್ಲುವ ರೀತಿಯೇ ಬೇರೆ, ಬಾಣ ಕೊಲ್ಲುವ ರೀತಿಯೇ ಬೇರೆ. ಮೂಸ್ ಬೇಟೆಯ ರೈಫಲ್ ಗುಂಡಿನ ಶಕ್ತಿ 3,500 ಜೂಲ್ ಆಸುಪಾಸು. 50 ಪೌಂಡಿನ ಬಿಲ್ಲಿನಿಂದ ಹೊರಟ ಬಾಣದ್ದು ಸುಮಾರು 45 ಜೂಲ್. ಇಷ್ಟರಲ್ಲಿ ಪ್ರಾಣಿಯನ್ನು ಉರುಳಿಸುವ ಮಾತೇ ಇಲ್ಲ. ಬಾಣ ಮಾಡುವುದು ಒಂದೇ ಕೆಲಸ, ಕೊಯ್ಯುವುದು. ಎರಡೂ ಶ್ವಾಸಕೋಶ ಸೀಳಿಕೊಂಡು ಹೋಗಬೇಕು, ರಕ್ತನಾಳ ತುಂಡಾಗಬೇಕು, ಒಳಗೆ ರಕ್ತ ಸುರಿಯಬೇಕು. ಸರಿಯಾಗಿ ಬಿದ್ದರೆ ಮೂಸ್ ಸ್ವಲ್ಪ ದೂರ ನಡೆದು, ನಿಂತು, ತೂರಾಡಿ ಬೀಳುತ್ತದೆ. ಎಷ್ಟೋ ಸಲ ಅದಕ್ಕೆ ಏನಾಯಿತು ಅಂತಲೇ ಗೊತ್ತಾಗಿರುವುದಿಲ್ಲ.

ಹಾಗಾಗಿ ಅಲಗಿನ ಹರಿತವೇ ಎಲ್ಲಕ್ಕೂ ಮೊದಲು. ಮೊಂಡಾದ ಈಳಿಗೆಮಣೆಯಲ್ಲಿ ಹಣ್ಣಾದ ಟೊಮೆಟೊ ಹೆಚ್ಚಿ ನೋಡಿ. ಸಿಪ್ಪೆ ಒಳಕ್ಕೆ ತಗ್ಗುತ್ತದೆ, ರಸ ಸೋರುತ್ತದೆ, ಕೊಯ್ಯುವುದಿಲ್ಲ. ರಕ್ತನಾಳವೂ ಹಾಗೇ. ಮೊಂಡು ಅಲಗು ಬಂದರೆ ಪಕ್ಕಕ್ಕೆ ಸರಿದು ಉಳಿದುಬಿಡುತ್ತದೆ. ಡಬ್ಬಿಯಿಂದ ತೆಗೆದ ಹೊಸ ಅಲಗು ಹರಿತವಾಗೇ ಇರುತ್ತದೆ ಅಂತ ನಂಬಬೇಡಿ. ಎಷ್ಟೋ ಬಾರಿ ಇರುವುದಿಲ್ಲ.

ಸಾಣೆ ಹಿಡಿಯುವಾಗ ಒಂದು ಸುಲಭದ ಉಪಾಯ ಇದೆ. ಅಲಗಿನ ಇಳಿಜಾರಿಗೆ ಕಪ್ಪು ಮಾರ್ಕರ್ ಬಳಿಯಿರಿ. ಕಲ್ಲಿನ ಮೇಲೆ ನಾಲ್ಕು ಸಲ ಎಳೆದು ಬೆಳಕಿಗೆ ಹಿಡಿಯಿರಿ. ಅಂಚಿನವರೆಗೂ ಮಸಿ ಹೋಗಿದ್ದರೆ ಕೋನ ಸರಿ. ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದಿದ್ದರೆ ನೀವು ಇಷ್ಟು ಹೊತ್ತು ಸುಮ್ನೆ ಬೆನ್ನು ಉಜ್ಜುತ್ತಿದ್ದೀರಿ, ಅಂಚಿಗೆ ಕಲ್ಲು ತಾಗಿಯೇ ಇಲ್ಲ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಎಳೆಯಬೇಕು. ಮುಂಗೈ ಕೂದಲು ಒತ್ತದೆ ಬೋಳಾದರೆ ಆಯಿತು. ಅಲಗು ಕಟ್ಟಿಕೊಡುವ ವಾರಗಳಲ್ಲಿ ನನ್ನ ಎಡಗೈ ಕೋಳಿ ಪುಕ್ಕ ಕಿತ್ತ ಹಾಗೆ ಕಾಣುತ್ತದೆ.

ಆಕಾರದ ವಿಷಯಕ್ಕೆ ಬಂದರೆ, ಸಾಂಪ್ರದಾಯಿಕ ಬಿಲ್ಲಿಗೆ ಎರಡು ಅಂಚಿನ ಗಟ್ಟಿ ಅಲಗೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅಗಲಕ್ಕಿಂತ ಮೂರು ಪಟ್ಟು ಉದ್ದ ಇದ್ದರೆ ಬೆಣೆಯ ಹಾಗೆ ಸಲೀಸಾಗಿ ನುಗ್ಗುತ್ತದೆ. ಮೂರು ಅಂಚಿನದು ದೊಡ್ಡ ಗಾಯ ಮಾಡುತ್ತದೆ, ನಿಜ. ಆದರೆ ಅದಕ್ಕೆ ತಡೆಯೂ ಜಾಸ್ತಿ. ನಮ್ಮ ಹತ್ತಿರ ಇರುವುದೇ 45 ಜೂಲ್ ಬಂಡವಾಳ, ಅಷ್ಟನ್ನು ಅಗಲಕ್ಕೆ ಖರ್ಚು ಮಾಡಿದರೆ ಆಳಕ್ಕೆ ಏನು ಉಳಿಯುತ್ತದೆ? ತಾಗಿದ ಮೇಲೆ ಬಿಚ್ಚಿಕೊಳ್ಳುವ ಮೆಕ್ಯಾನಿಕಲ್ ಅಲಗುಗಳಂತೂ ಬೇಡವೇ ಬೇಡ. ಬಿಚ್ಚಿಕೊಳ್ಳುವುದಕ್ಕೂ ಅವು ಶಕ್ತಿ ತಿನ್ನುತ್ತವೆ.

ಈ ವಿಷಯದಲ್ಲಿ ಎಲ್ಲರೂ ಎತ್ತುವ ಹೆಸರು ಎಡ್ ಆಶ್‌ಬಿ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಶುರು ಮಾಡಿ ವರ್ಷಗಟ್ಟಲೆ ನಿಜವಾದ ಪ್ರಾಣಿಗಳ ಮೇಲೆ ಬಾಣ ಎಷ್ಟು ಆಳ ಹೋಗುತ್ತದೆ ಅಂತ ಅಳೆದವರು. ಮುಂದೆ ಆಸ್ಟ್ರೇಲಿಯಾದಲ್ಲಿ ಕಾಡು ಬಿದ್ದ ಎಮ್ಮೆಗಳ ಮೇಲೂ ಪರೀಕ್ಷೆ ಮಾಡಿದರು. ಅವು ನಮ್ಮ ಹಟ್ಟಿಯ ಎಮ್ಮೆಯ ಜಾತಿಯವೇ. ಅವರ ಪಟ್ಟಿಯಲ್ಲಿ ಮೊದಲು ಬರುವುದು ತೂಕವಲ್ಲ, ವೇಗವಲ್ಲ. ಬಾಣ ಮುರಿಯಬಾರದು, ಅಲಗು ಬಾಗಬಾರದು, ಅಷ್ಟೇ. ಎರಡನೆಯದು ಬಾಣ ನೆಟ್ಟಗೆ ಹಾರಬೇಕು. ಉಳಿದದ್ದೆಲ್ಲ ಆಮೇಲೆ. ದಪ್ಪ ಮೂಳೆ ದಾಟಲು 650 ಗ್ರೇನ್ (ಸುಮಾರು 42 ಗ್ರಾಮ್) ತೂಕದ ಬಾಣ ಬೇಕು ಅನ್ನುವ ಮಾತೂ ಅವರದೇ. ಇದನ್ನು ಕೆಲವರು ವೇದವಾಕ್ಯ ಮಾಡಿಕೊಂಡಿದ್ದಾರೆ. 500 ಗ್ರೇನ್ ಬಾಣದಲ್ಲಿ ಮೂಸ್ ಹೊಡೆದವರು ಬೇಕಾದಷ್ಟು ಜನ ಇದ್ದಾರೆ, ಯಾಕೆಂದರೆ ಅವರ ಬಾಣ ಭುಜದ ಮೂಳೆಗೆ ತಾಗಲಿಲ್ಲ, ಪಕ್ಕೆಲುಬಿನ ನಡುವೆ ಹೋಯಿತು. 650 ಅನ್ನುವುದು ನಮ್ಮ ಗುರಿ ಚೂರು ತಪ್ಪಿದ ದಿನಕ್ಕೆ ಇಟ್ಟುಕೊಂಡ ವಿಮೆ.

ಕೋಲು, ತೂಕ, ಬಾಗು

ಗ್ರೇನ್ ಅಂದರೇನು? ಒಂದು ಪೌಂಡನ್ನು 7,000 ಪಾಲು ಮಾಡಿದರೆ ಅದರಲ್ಲಿ ಒಂದು. 650 ಗ್ರೇನ್ ಅಂದರೆ 42 ಗ್ರಾಮ್, ಒಂದು ಕೋಳಿಮೊಟ್ಟೆಗಿಂತ ಹಗುರ. ಅಲಾಸ್ಕಾದ ಕಾನೂನು ಕೇಳುವುದು ಕನಿಷ್ಠ 300 ಗ್ರೇನ್ ಮಾತ್ರ. ಆ ಕನಿಷ್ಠವನ್ನೇ ನೆಚ್ಚಿಕೊಂಡು ಯಾರೂ ಮೂಸ್ ಹತ್ತಿರ ಹೋಗುವುದಿಲ್ಲ.

ತೂಕದ ಬಾಣ ಯಾಕೆ? ಟೇಬಲ್ ಟೆನಿಸ್ ಚೆಂಡನ್ನು ಎಷ್ಟೇ ಜೋರಾಗಿ ಎಸೆದರೂ ಕಿಟಕಿ ಗಾಜು ಒಡೆಯುವುದಿಲ್ಲ. ಕ್ರಿಕೆಟ್ ಚೆಂಡು ಮೆಲ್ಲಗೆ ಬಂದರೂ ಒಡೆಯುತ್ತದೆ, ಅಪ್ಪನ ಹತ್ತಿರ ಬೈಸಿಕೊಂಡವರಿಗೆಲ್ಲ ಗೊತ್ತು. ತೂಕ ಇರುವ ವಸ್ತು ನಿಲ್ಲಲು ಒಪ್ಪುವುದಿಲ್ಲ. ಇನ್ನೊಂದು ಲಾಭವೂ ಇದೆ. ಬಾಣ ಭಾರವಾದಷ್ಟೂ ಬಿಲ್ಲು ತನ್ನಲ್ಲಿರುವ ಶಕ್ತಿಯಲ್ಲಿ ಹೆಚ್ಚು ಪಾಲನ್ನು ಬಾಣಕ್ಕೆ ಕೊಡುತ್ತದೆ. ಹಗುರ ಬಾಣವಾದರೆ ಆ ಶಕ್ತಿ ಬಿಲ್ಲಿನಲ್ಲೇ ಉಳಿದು ನಡುಕವಾಗಿ, ಸದ್ದಾಗಿ ಹೋಗುತ್ತದೆ.

ನಷ್ಟ ಏನಂದರೆ ವೇಗ. 50 ಪೌಂಡಿನ ರಿಕರ್ವ್‌ನಿಂದ 500 ಗ್ರೇನ್ ಬಾಣ ಸೆಕೆಂಡಿಗೆ ಸುಮಾರು 52 ಮೀಟರ್ ಹೋದರೆ, 640 ಗ್ರೇನಿನದು ಸುಮಾರು 47 ಮೀಟರ್ ಹೋಗುತ್ತದೆ. 18 ಮೀಟರ್ ದೂರಕ್ಕೆ ಅದು 13 ಸೆಂಟಿಮೀಟರ್ ಜಾಸ್ತಿ ಇಳಿಯುತ್ತದೆ. ಅದೇ ಬಾಣದಲ್ಲಿ ಬೇಸಿಗೆಯೆಲ್ಲ ಅಭ್ಯಾಸ ಮಾಡಿದವನ ಕಣ್ಣು ಇದಕ್ಕೆ ಹೊಂದಿಕೊಳ್ಳುತ್ತದೆ. 35 ಮೀಟರಿಗೆ ಹೋದರೆ ವ್ಯತ್ಯಾಸ ಅರ್ಧ ಮೀಟರ್. ಅಲ್ಲಿ ದೂರದ ಅಂದಾಜು ಚೂರು ತಪ್ಪಿದರೂ ಬಾಣ ಎದೆಗೆ ಹೋಗುವ ಬದಲು ಕಾಲಿಗೆ ಹೋಗುತ್ತದೆ. ಹಾಗಾಗಿ ಭಾರದ ಬಾಣ ಆರಿಸಿದವನು ಹತ್ತಿರ ಹೋಗುವುದನ್ನೂ ಆರಿಸಿದ ಹಾಗೆ.

ಕಳೆದ ಸಲ ನಾನು ಕಟ್ಟಿದ ಬಾಣದ ಲೆಕ್ಕ ಹೀಗಿತ್ತು. ಕಾರ್ಬನ್ ಕೋಲು 280 ಗ್ರೇನ್, ಕೋಲಿನ ಮೂತಿಯೊಳಗೆ ಕೂರುವ ಹಿತ್ತಾಳೆ ತುಂಡು 100, ಅಲಗು 225, ಗರಿ ಮತ್ತು ಹಿಂದಿನ ಕಚ್ಚು ಸೇರಿ 35. ಒಟ್ಟು 640. ಗಮನಿಸಿ, ಅರ್ಧಕ್ಕಿಂತ ಜಾಸ್ತಿ ತೂಕ ಮುಂದೆಯೇ ಇದೆ. ಬಾಣವನ್ನು ಬೆರಳ ಮೇಲೆ ತಕ್ಕಡಿಯಂತೆ ನಿಲ್ಲಿಸಿದರೆ ಅದು ನಿಲ್ಲುವುದು ನಡುವಿನಲ್ಲಲ್ಲ, ಅಲಗಿನ ಕಡೆಗೆ ಸಾಕಷ್ಟು ಮುಂದೆ. ಇಂಥ ಬಾಣ ಬೇಗ ನೆಟ್ಟಗಾಗುತ್ತದೆ. ತಾಗಿದಾಗ ಹಿಂದಿನ ಕೋಲು ಮುಂದಿನ ತೂಕವನ್ನು ಹಿಂಬಾಲಿಸುತ್ತದೆಯೇ ಹೊರತು ಅಡ್ಡ ಬಾಗಿ ತೊಂದರೆ ಕೊಡುವುದಿಲ್ಲ.

ಇನ್ನು ಬಾಗು. ಇಲ್ಲಿ ಅರ್ಧ ಜನ ಎಡವುತ್ತಾರೆ. ಬಾಣ ಬಿಟ್ಟ ಕ್ಷಣದಲ್ಲಿ ಕೋಲು ಮೀನಿನ ಹಾಗೆ ಬಳುಕಿ ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೋಗುತ್ತದೆ. ಎಷ್ಟು ಬಳುಕಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ, ಸ್ಪೈನ್ ಅಂತಾರೆ. 28 ಅಂಗುಲದ ಎರಡು ಆಧಾರಗಳ ಮೇಲೆ ಕೋಲು ಇಟ್ಟು ನಡುವೆ 880 ಗ್ರಾಮ್ ತೂಗುಹಾಕುತ್ತಾರೆ. ಅರ್ಧ ಅಂಗುಲ ತಗ್ಗಿದರೆ ಅದು 500 ಸ್ಪೈನ್. 0.4 ಅಂಗುಲ ತಗ್ಗಿದರೆ 400. ಅಂದರೆ ಸಂಖ್ಯೆ ಕಡಿಮೆಯಾದಷ್ಟೂ ಕೋಲು ಬಿರುಸು. ಮುಂದೆ ಭಾರದ ಅಲಗು ಹಾಕಿದರೆ ಅದೇ ಕೋಲು ಜಾಸ್ತಿ ಬಳುಕುತ್ತದೆ. ಅಭ್ಯಾಸಕ್ಕೆ 125 ಗ್ರೇನ್ ತುದಿ ಹಾಕಿ ಚೆನ್ನಾಗಿ ಹಾರಿದ ಬಾಣಕ್ಕೆ ಬೇಟೆಗೆ ಅಂತ 225ರ ಅಲಗು ಸಿಕ್ಕಿಸಿದರೆ ಅದು ಬೇರೆಯದೇ ಬಾಣ ಆಗಿಬಿಡುತ್ತದೆ.

ಪರೀಕ್ಷೆ ಸುಲಭ. ಗರಿ ಇಲ್ಲದ ಬೋಳು ಬಾಣವನ್ನು, ಅಷ್ಟೇ ತೂಕದ ತುದಿ ಹಾಕಿ, ಗರಿ ಇರುವ ಬಾಣಗಳ ಜೊತೆ ಬಿಡಿ. ಬಲಗೈಯಲ್ಲಿ ಎಳೆಯುವವರಿಗೆ ಬೋಳು ಬಾಣ ಬಲಕ್ಕೆ ಬಿದ್ದರೆ ಕೋಲು ಮೆದು, ಎಡಕ್ಕೆ ಬಿದ್ದರೆ ಬಿರುಸು. ಒಂದೇ ಕಡೆ ಬೀಳುವವರೆಗೆ ಕೋಲಿನ ಉದ್ದ, ತುದಿಯ ತೂಕ ಬದಲಿಸುತ್ತಾ ಹೋಗಬೇಕು. ಬೇಜಾರಿನ ಕೆಲಸವೇ. ಆದರೆ ಓರೆಯಾಗಿ ಹೊಡೆದ ಮೊಳೆ ಗೋಡೆಗೆ ಇಳಿಯುತ್ತದಾ? ತೂರಾಡುತ್ತಾ ಹೋದ ಬಾಣವೂ ಇಳಿಯುವುದಿಲ್ಲ. ಹತ್ತು ಪೌಂಡ್ ಜಾಸ್ತಿ ಇರುವ ಬಿಲ್ಲು ಕೊಳ್ಳುವುದಕ್ಕಿಂತ ಈ ಒಂದು ಭಾನುವಾರದ ಕೆಲಸ ಮೇಲು.

ಮರದ ಬಾಣವೋ ಕಾರ್ಬನ್ನೋ? ಆರೆಗಾನ್ ಕರಾವಳಿಯ ಪೋರ್ಟ್ ಆರ್ಫರ್ಡ್ ಸೀಡರ್ ಕೋಲು ಮುರಿದಾಗ ಬರುವ ವಾಸನೆಗೇ ನಾನು ಸೋತಿದ್ದೇನೆ. ಆದರೂ ಅಲಾಸ್ಕಾದ ಸೆಪ್ಟೆಂಬರ್ ಮಳೆಯಲ್ಲಿ ವಾರಗಟ್ಟಲೆ ನೆನೆಯುವ ಬೇಟೆಗೆ ಕಾರ್ಬನ್ ಅಥವಾ ಅಲ್ಯೂಮಿನಿಯಂ ಅಂತಲೇ ಹೇಳುತ್ತೇನೆ. ತೇವ ಹಿಡಿದ ಮರ ಸೊಟ್ಟಗಾಗುತ್ತದೆ. ಗರಿ ಮಾತ್ರ ನಿಜವಾದ ಗರಿಯೇ ಬೇಕು, ಸಾಮಾನ್ಯವಾಗಿ ಟರ್ಕಿ ಕೋಳಿಯದು. ಹಿಡಿಯ ಮೇಲೆ ಉಜ್ಜಿಕೊಂಡು ಹೋಗುವಾಗ ಅದು ಮಡಚಿಕೊಂಡು ಜಾಗ ಬಿಡುತ್ತದೆ, ಪ್ಲಾಸ್ಟಿಕ್ ಬಿಡುವುದಿಲ್ಲ, ಬಾಣವನ್ನು ಪಕ್ಕಕ್ಕೆ ತಳ್ಳುತ್ತದೆ. ಮಳೆಗೆ ಗರಿ ಒದ್ದೆ ಬತ್ತಿಯಂತಾಗುವುದು ನಿಜ. ನೀರು ತಡೆಯುವ ಪುಡಿ ಸಿಗುತ್ತದೆ, ಬತ್ತಳಿಕೆಗೆ ಒಂದು ಪ್ಲಾಸ್ಟಿಕ್ ಚೀಲ ಹೊದಿಸಿದರೂ ನಡೆಯುತ್ತದೆ.

ಈಗ ಬಿಲ್ಲು

ಕಾನೂನಿನಿಂದ ಶುರು ಮಾಡೋಣ. ಅಲಾಸ್ಕಾದಲ್ಲಿ ಮೂಸ್‌ಗೆ ಕನಿಷ್ಠ 50 ಪೌಂಡಿನ ಬಿಲ್ಲು ಬೇಕು. ಕ್ಯಾರಿಬೂ ಜಿಂಕೆಗೆ 40 ಸಾಕು. ಕೆನಡಾದ ಒಂಟಾರಿಯೊದಲ್ಲಿ ಮೂಸ್‌ಗೆ 22 ಕಿಲೋ, ಅಂದರೆ ಸುಮಾರು 48.5 ಪೌಂಡ್, ಅದೂ 700 ಮಿಲಿಮೀಟರ್ ಎಳೆತದ ಒಳಗೆ. ಅಲಗು ಕನಿಷ್ಠ 22 ಮಿಲಿಮೀಟರ್ ಅಗಲ ಇರಬೇಕು. ನಾರ್ವೆಯಲ್ಲಿ ಮೂಸ್ ಬೇಟೆ ಜೋರಾಗಿದ್ದರೂ ಬಿಲ್ಲಿಗೆ ಅನುಮತಿಯೇ ಇಲ್ಲ. ಊರೂರಿಗೆ ಬೇರೆ ಲೆಕ್ಕ, ಹೋಗುವ ವರ್ಷದ ನಿಯಮ ಓದಿಕೊಂಡೇ ಹೋಗಬೇಕು.

ಬಿಲ್ಲಿನ ಮೇಲೆ ಬರೆದ ಸಂಖ್ಯೆಯನ್ನು ಮಾತ್ರ ನಂಬಬೇಡಿ. "50 @ 28" ಅಂತ ಬರೆದಿದ್ದರೆ 28 ಅಂಗುಲ ಎಳೆದಾಗ 50 ಪೌಂಡ್ ಅಂತ ಅರ್ಥ. ನಮ್ಮವರಲ್ಲಿ ಬಹಳ ಜನರ ತೋಳಿಗೆ ಅಷ್ಟು ಎಳೆತ ಬರುವುದಿಲ್ಲ. ನಾನೇ ಎಳೆಯುವುದು 26. ಒಂದು ಅಂಗುಲಕ್ಕೆ ಎರಡು, ಎರಡೂವರೆ ಪೌಂಡ್ ಕಡಿಮೆ ಆಗುತ್ತದೆ. ಅಂದರೆ ಆ ಬಿಲ್ಲು ನನ್ನ ಕೈಯಲ್ಲಿ 45ರದ್ದು. ಅಂಗಡಿಗೆ ಹೋಗುವ ಮೊದಲು ನಿಮ್ಮ ಎಳೆತ ಅಳೆಸಿಕೊಳ್ಳಿ.

ಹಾಗಂತ ಮೇಲಕ್ಕೆ ಹಾರುವುದೂ ತಪ್ಪು. ಒಬ್ಬ ಮಾರಾಟಗಾರನ ಮಾತು ಕೇಳಿ, "ಒಂದು ತಿಂಗಳಲ್ಲಿ ಅಭ್ಯಾಸ ಆಗುತ್ತೆ" ಅಂದದ್ದಕ್ಕೆ, ನಾನು ಮೊದಲು ತಂದದ್ದು 60 ಪೌಂಡಿನದು. ತಿಂಗಳಾಗುವಷ್ಟರಲ್ಲಿ ಬಲ ಭುಜ ಎತ್ತಲಾಗದೆ ತಲೆ ಬಾಚಲು ಎಡಗೈ ಬಳಸುತ್ತಿದ್ದೆ. ಅದಕ್ಕಿಂತ ಕೆಟ್ಟದ್ದು, ಭಾರ ತಡೆಯಲಾಗದೆ ಗುರಿ ಹಿಡಿಯುವ ಮೊದಲೇ ಬೆರಳು ಬಿಟ್ಟುಬಿಡುವ ಚಾಳಿ ಹತ್ತಿತು. ಅದನ್ನು ಬಿಡಿಸಲು 35 ಪೌಂಡಿನ ಬಿಲ್ಲು ಹಿಡಿದು ಪೂರ್ತಿ ಒಂದು ಚಳಿಗಾಲ ಕಳೆಯಬೇಕಾಯಿತು. 35ರಲ್ಲಿ ಕಲಿತು, ಐದೈದು ಪೌಂಡ್ ಏರಿಸಿಕೊಂಡು ಹೋಗುವುದೇ ದಾರಿ.

ಎಷ್ಟು ಏರಬೇಕು ಅಂದರೆ ನನ್ನ ಪರೀಕ್ಷೆ ಇದು. ಬೇಟೆಗೆ ಹಾಕುವ ದಪ್ಪ ಕೋಟು ಹಾಕಿಕೊಳ್ಳಿ. ಮಂಡಿಯೂರಿ. ಬಿಲ್ಲನ್ನು ಆಕಾಶಕ್ಕೆ ಎತ್ತದೆ, ಗುರಿಯ ನೇರಕ್ಕೇ ಹಿಡಿದು, ನಿಧಾನಕ್ಕೆ ಎಳೆಯಿರಿ. ಪೂರ್ತಿ ಎಳೆದು ಆರು ಎಣಿಸಿ. ತೋಳು ನಡುಗಿದರೆ ಆ ಬಿಲ್ಲು ನಿಮ್ಮದಲ್ಲ. ಯಾಕಿಷ್ಟು ಕಟ್ಟುನಿಟ್ಟು? ಸೆಪ್ಟೆಂಬರ್ ಕೊನೆಗೆ ಮೂಸ್‌ಗಳಿಗೆ ಬೆದೆ ಬರುತ್ತದೆ. ಬೇಟೆಗಾರರು ಬರ್ಚ್ ತೊಗಟೆಯ ಕೊಳವೆಯಲ್ಲಿ ಹೆಣ್ಣಿನ ಹಾಗೆ ಕೂಗಿ ಗಂಡನ್ನು ಹತ್ತಿರ ಕರೆಯುತ್ತಾರೆ. ಅದು ಬರುತ್ತದೆ, ನಿಲ್ಲುತ್ತದೆ, ಎದೆಯ ಮುಂದೆ ಸರಿಯಾಗಿ ಒಂದು ಎಳೆ ಮರ. ನೀವು ಎಳೆದು ಆಗಿದೆ. ಇನ್ನೊಂದು ಹೆಜ್ಜೆ ಇಡುವವರೆಗೆ ಹಿಡಿದಿರಬೇಕು. ಅದು ಎದುರುಮುಖ ನಿಂತಿದ್ದರೆ ಬಾಣ ಬಿಡುವಂತೆಯೇ ಇಲ್ಲ, ಎದೆಮೂಳೆ ಅಡ್ಡ. ಪಕ್ಕಕ್ಕೆ ತಿರುಗಬೇಕು, ಇಲ್ಲವೇ ಚೂರು ಆಚೆ ಮುಖ ಮಾಡಬೇಕು.

ಲಾಂಗ್‌ಬೋ, ರಿಕರ್ವ್ ಎರಡರಲ್ಲಿ ಯಾವುದು ಅನ್ನುವ ಜಗಳಕ್ಕೆ ನಾನು ಜಾಸ್ತಿ ಹೊತ್ತು ಕೊಡುವುದಿಲ್ಲ. ರಿಕರ್ವ್ ತುಸು ವೇಗ, ಲಾಂಗ್‌ಬೋ ಹಗುರ ಮತ್ತು ಸಾಮಾನ್ಯವಾಗಿ ಸದ್ದು ಕಡಿಮೆ. ಕೈಗೆ ಹೊಂದಿದ್ದು ಸರಿ. ಉದ್ದ ಮುಖ್ಯ. 58, 60 ಅಂಗುಲದ್ದು ಪೊದೆಯಲ್ಲಿ, ದೋಣಿಯಲ್ಲಿ, ಮಂಡಿಯೂರಿದಾಗ ಸಲೀಸು. ಆದರೆ ಗಿಡ್ಡ ಬಿಲ್ಲಿನ ಹೆದೆ ಚೂಪು ಕೋನದಲ್ಲಿ ಬೆರಳನ್ನು ಹಿಂಡುತ್ತದೆ, ಉದ್ದ ಎಳೆತದವರಿಗೆ 62, 64 ಹಿತ. ಸಣ್ಣ ವಿಮಾನದಲ್ಲಿ ಕಾಡಿಗೆ ಹೋಗುವವರಾದರೆ ಮೂರು ತುಂಡಾಗಿ ಬಿಚ್ಚುವ ಟೇಕ್‌ಡೌನ್ ರಿಕರ್ವ್ ತಗೊಳ್ಳಿ. ಪ್ರಾಣಿಗಳ ನರ, ಅಂಟು ಬಳಸಿ ಮಾಡಿದ ಹಳೇ ಶೈಲಿಯ ಬಿಲ್ಲು ನೋಡಲು ಚೆಂದ, ಮಳೆಯಲ್ಲಿ ಅಂಟೇ ಕರಗುತ್ತದೆ. ಹಾಗಂತ ಇಂಥ ಬೇಟೆ ಬಿಲ್ಲಿಗೆ ಫೈಬರ್‌ಗ್ಲಾಸ್ ಬಂದ ಮೇಲೆ ಶುರುವಾದದ್ದೇನಲ್ಲ. ಆರ್ಟ್ ಯಂಗ್ 1920ರ ದಶಕದಲ್ಲೇ ಅಲಾಸ್ಕಾದಲ್ಲಿ ಮರದ ಬಿಲ್ಲಿನಿಂದ ಮೂಸ್ ಹೊಡೆದಿದ್ದ. ಅವನ ಬೇಟೆಯ ಜೊತೆಗಾರ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ ಬಿಲ್ಲಿನ ಪಾಠ ಕಲಿತದ್ದು 1911ರಲ್ಲಿ ಕಾಡಿನಿಂದ ಒಬ್ಬಂಟಿಯಾಗಿ ಹೊರಬಂದ, ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಇಶಿಯಿಂದ.

ಸದ್ದಿನ ವಿಷಯ ಬಿಡಬಾರದು. ಬಾಣ ಸೆಕೆಂಡಿಗೆ 50 ಮೀಟರ್, ಶಬ್ದ 340 ಮೀಟರ್. 18 ಮೀಟರ್ ದೂರದ ಮೂಸ್‌ಗೆ ಹೆದೆಯ ಟಣ್ ಅನ್ನುವ ಸದ್ದು ಬಾಣಕ್ಕಿಂತ ಸೆಕೆಂಡಿನ ಮೂರನೇ ಒಂದು ಭಾಗ ಮೊದಲೇ ತಲುಪುತ್ತದೆ. ಅಷ್ಟರಲ್ಲಿ ಒಂದು ಹೆಜ್ಜೆ ಇಟ್ಟರೆ ಮುಗಿಯಿತು. ಭಾರದ ಬಾಣ ಅರ್ಧ ಸದ್ದು ನುಂಗುತ್ತದೆ. ಉಳಿದದ್ದಕ್ಕೆ ಹೆದೆಗೆ ಬೀವರ್ ಪ್ರಾಣಿಯ ತುಪ್ಪಳದ ಪಟ್ಟಿ ಸುತ್ತುತ್ತಾರೆ. ಉಣ್ಣೆಯ ಕುಚ್ಚು ಮಳೆಯಲ್ಲಿ ನೀರು ಕುಡಿದು ತೂಕವಾಗುತ್ತದೆ, ಬೀವರ್ ನೀರಲ್ಲೇ ಬದುಕುವ ಪ್ರಾಣಿ, ಅದರ ತುಪ್ಪಳಕ್ಕೆ ಮಳೆ ಲೆಕ್ಕವಿಲ್ಲ.

ಎಷ್ಟು ದೂರದಿಂದ? ಬೆಳಗ್ಗೆ ಎದ್ದು, ಕೈ ಬಿಸಿ ಮಾಡಿಕೊಳ್ಳದೆ, ಒಂದೇ ಒಂದು ಬಾಣ ಬಿಡಿ. ಯುಗಾದಿಗೆ ತರಿಸಿ ಉಳಿದ ಅಡಿಕೆ ಹಾಳೆಯ ಪುಟ್ಟ ತಟ್ಟೆಗಳೇ ನನ್ನ ಗುರಿ. ಹತ್ತು ಬೆಳಗ್ಗೆಯಲ್ಲಿ ಹತ್ತೂ ತಟ್ಟೆಗೆ ತಾಗುವ ದೂರ ಯಾವುದೋ ಅದೇ ನಿಮ್ಮ ದೂರ. ನನ್ನದು 15 ಮೀಟರ್. ಚೆನ್ನಾಗಿ ಬಿಡುವವರದೂ ಬಹಳ ಸಲ 20 ದಾಟುವುದಿಲ್ಲ.

ಕೊನೆಯದಾಗಿ ಎರಡನೇ ಹೆದೆ. ಎಲ್ಲರೂ ಒಂದು ಹೆಚ್ಚಿನ ಹೆದೆ ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ, ಹೊಸದು, ಪ್ಯಾಕೆಟ್ ಒಡೆಯದ್ದು. ಹೊಸ ಹೆದೆ ಹಿಗ್ಗುತ್ತದೆ. ಹಿಗ್ಗಿದರೆ ಬಿಲ್ಲಿಗೂ ಹೆದೆಗೂ ಇರುವ ಅಂತರ ಕಡಿಮೆಯಾಗುತ್ತದೆ, ಬಾಣ ಹಾರುವ ರೀತಿ ಬದಲಾಗುತ್ತದೆ, ಒಂದು ಭಾನುವಾರದ ಕೆಲಸವೆಲ್ಲ ನೀರುಪಾಲು. ಹಾಗಾಗಿ ಮನೆಯಲ್ಲೇ ಅದನ್ನು ಏರಿಸಿ, ಬಾಣ ಕಚ್ಚುವ ಜಾಗಕ್ಕೆ ಗುರುತು ಕಟ್ಟಿ, ತುಪ್ಪಳ ಸುತ್ತಿ, ನೂರು ಬಾಣ ಬಿಟ್ಟು ಹದ ಮಾಡಿ, ಜೇನುಮೇಣ ಸವರಿ, ಆಮೇಲೆ ಬಿಚ್ಚಿ ಸುತ್ತಿಡಿ. ಬಿಚ್ಚಿದ ಕೂಡಲೇ ಎರಡೂ ತುದಿಯ ಕುಣಿಕೆ ಸೇರಿಸಿ ಕಟ್ಟುವುದು ಮರೆಯಬೇಡಿ, ಹೆದೆಯ ತಿರುಚು ಬಿಚ್ಚಿಹೋದರೆ ಕಾಡಿನಲ್ಲಿ ಅದರ ಉದ್ದ ಬೇರೆಯೇ ಆಗಿರುತ್ತದೆ.